ಎಂಟು ತಿಂಗಳು ಪ್ಯಾಡ್ ಹಿಡಿದು ನಾನು ಮಾಡಿದ ತಪ್ಪು

ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಕಾದಾಟ, ಕಲಿಸುವ ಜಿಮ್‌ನಲ್ಲಿ ಕೋಚ್ ಆಗಿರುವುದು ನನ್ನ ಹೊಟ್ಟೆಪಾಡು. ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಒಬ್ಬ ಹುಡುಗ ಬಂದ. ಎದುರಾಳಿಯನ್ನು ನೆಲಕ್ಕೆ ಕೆಡವಿ ಹಿಡಿತಗಳಿಂದ ಮಣಿಸುವ ಜಿಯು-ಜಿತ್ಸುವಿನಲ್ಲಿ ಪದಕ ಗೆದ್ದವನು. ಮ್ಯಾಟ್ ಮೇಲೆ ನಮ್ಮಲ್ಲಿ ಯಾರೂ ಅವನ ತಂಟೆಗೆ ಹೋಗುತ್ತಿರಲಿಲ್ಲ. ಆದರೆ ಮೊದಲ ಎಂಎಂಎ ಪಂದ್ಯದಲ್ಲಿ ಮುಖ ಊದಿಸಿಕೊಂಡು ಸೋತ. ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ: ಇವನ ಬಾಕ್ಸಿಂಗ್ ಸರಿಯಿಲ್ಲ, ಮೊದಲು ಅದನ್ನು ತಿದ್ದಬೇಕು.

ಎಂಟು ತಿಂಗಳು ಅವನ ಗುದ್ದುಗಳಿಗೆ ಪ್ಯಾಡ್ ಹಿಡಿದೆ. ಎರಡನೇ ಪಂದ್ಯದಲ್ಲಿ ಮೂರು ಸುತ್ತೂ ನಿಂತೇ ಆಡಿದ, ಅಂಕಗಳಲ್ಲಿ ಸೋತ. ಗ್ಲೌಸ್ ಬಿಚ್ಚುವಾಗ, "ಸರ್, ಇವತ್ತು ನಾನು ಒಂದು ಸಲವೂ ಅವನ ಕಾಲಿಗೆ ಕೈ ಹಾಕಲಿಲ್ಲ ಅಲ್ವಾ?" ಎಂದ. ಏನು ಹೇಳಲಿ? ಮೂಲೆಯಲ್ಲಿ ನಿಂತು "ಜ್ಯಾಬ್, ಜ್ಯಾಬ್" ಅಂತ, ನೇರ ಗುದ್ದು ಹೊಡೆ ಅಂತ, ಗಂಟಲು ಹರಿದುಕೊಂಡವನು ನಾನೇ.

ಆ ವಾರ, ಜಿಯು-ಜಿತ್ಸುವಿನಿಂದಲೇ ಎಂಎಂಎಗೆ ಬಂದ ಡೆಮಿಯಾನ್ ಮಾಯಾ ಅವರ ಯುಎಫ್‌ಸಿ (ಎಂಎಂಎ ಪಂದ್ಯ ನಡೆಸುವ ಅತಿದೊಡ್ಡ ಸಂಸ್ಥೆ) ಪಂದ್ಯಗಳನ್ನು ಮೊದಲಿನಿಂದ ಸಾಲಾಗಿ ಹಾಕಿಕೊಂಡು ಕೂತೆ. ಬಿಡಿಬಿಡಿಯಾಗಿ ಎಷ್ಟೋ ಸಲ ನೋಡಿದ್ದೆ, ಸಾಲಾಗಿ ನೋಡಿದ್ದು ಅದೇ ಮೊದಲು. ಬ್ರೆಜಿಲ್‌ನ ಸಾವೊ ಪಾಲೊದವರು, ಫಾಬಿಯೊ ಗುರ್ಜೆಲ್ ಎಂಬ ಗುರುವಿನಿಂದ ಜಿಯು-ಜಿತ್ಸು ಬ್ಲ್ಯಾಕ್ ಬೆಲ್ಟ್ ಪಡೆದವರು, ಗ್ರ್ಯಾಪ್ಲಿಂಗ್‌ನ (ಗುದ್ದಿಲ್ಲದ ಹಿಡಿತದ ಆಟ) ದೊಡ್ಡ ಟೂರ್ನಿಯಾದ ಎಡಿಸಿಸಿಯ 2007ರ ಚಾಂಪಿಯನ್. ಅದೇ ವರ್ಷ ಯುಎಫ್‌ಸಿಗೆ ಬಂದು ಮೊದಲ ಐದೂ ಪಂದ್ಯಗಳನ್ನು ಎದುರಾಳಿಯನ್ನು ಹಿಡಿತಕ್ಕೆ ಸಿಕ್ಕಿಸಿಯೇ ಗೆದ್ದರು. ಐದನೆಯವರು ಚೇಲ್ ಸೊನ್ನೆನ್, ಮಹಾ ಕುಸ್ತಿಪಟು. ಆಮೇಲೆ 2009ರಲ್ಲಿ ನೇಟ್ ಮಾರ್ಕ್ವಾರ್ಟ್ 21 ಸೆಕೆಂಡಿನಲ್ಲಿ ನಾಕೌಟ್ ಮಾಡಿದರು. 2010ರಲ್ಲಿ ಅಬುಧಾಬಿಯಲ್ಲಿ ಆಂಡರ್ಸನ್ ಸಿಲ್ವಾ ಐದು ಸುತ್ತು ಕುಣಿದು, ಅಣಕಿಸಿ, ಮಿಡ್ಲ್‌ವೇಟ್ ತೂಕವರ್ಗದ ಪಟ್ಟ ಉಳಿಸಿಕೊಂಡರು.

ಅಲ್ಲಿಂದ ಮುಂದಿನ ಎರಡು ವರ್ಷ ನೋಡುವಾಗ ನನಗೆ ನನ್ನ ಹುಡುಗನೇ ಕಾಣತೊಡಗಿದ. ಮಾಯಾ ಹೊಡೆದಾಟ ಕಲಿತಿದ್ದರು, ಚೆನ್ನಾಗಿಯೇ ಕಲಿತಿದ್ದರು, ಕೆಲವು ಪಂದ್ಯ ಗೆದ್ದರು ಕೂಡ. ಆದರೆ 2012ರ ಜನವರಿಯಲ್ಲಿ ಶಿಕಾಗೊದಲ್ಲಿ ಕ್ರಿಸ್ ವೈಡ್‌ಮನ್ ಎದುರಿನ ಪಂದ್ಯ ನೋಡಿ: ಇಬ್ಬರು ಗ್ರ್ಯಾಪ್ಲರ್‌ಗಳು ಸುಸ್ತಾಗಿ ನಿಂತು ಒಬ್ಬರಿಗೊಬ್ಬರು ನಿಧಾನವಾಗಿ ಗುದ್ದಿಕೊಳ್ಳುವುದು. ಮಾಯಾ ಸೋತರು. ಜಗತ್ತಿನಲ್ಲೇ ಕೆಲವರಿಗಷ್ಟೇ ಬರುವ ವಿದ್ಯೆಯನ್ನು ಬದಿಗಿಟ್ಟು, ಎಲ್ಲರಿಗೂ ಬರುವುದನ್ನು ಆಡುತ್ತಿದ್ದರು.

ಅದೇ ವರ್ಷ ತೂಕ ಇಳಿಸಿ ಅದರ ಕೆಳಗಿನ ವರ್ಗವಾದ ವೆಲ್ಟರ್‌ವೇಟ್‌ಗೆ ಬಂದರು. ಅಕ್ಟೋಬರ್‌ನಲ್ಲಿ ರಿಯೋದಲ್ಲಿ ರಿಕ್ ಸ್ಟೋರಿಯ ಬೆನ್ನೇರಿ ಮುಖವನ್ನು ಎಷ್ಟು ಬಿಗಿದರೆಂದರೆ ಮೂಗಿನಿಂದ ರಕ್ತ ಚಿಮ್ಮಿತು. ಮುಂದಿನ ಫೆಬ್ರವರಿಯಲ್ಲಿ, ಯಾರನ್ನು ಬೇಕಾದರೂ ನೆಲಕ್ಕೆ ಒತ್ತಿ ಹಿಡಿಯುವ ಜಾನ್ ಫಿಚ್ ಮೂರು ಸುತ್ತೂ ಮಾಯಾರನ್ನು ಬೆನ್ನಿಗೆ ಹೊತ್ತುಕೊಂಡೇ ಕಳೆದರು.

ಇಲ್ಲಿ ವಿಡಿಯೊ ನಿಲ್ಲಿಸಿ, ಹಿಂದಕ್ಕೆ ಹಾಕಿ ನೋಡಿದೆ. ಮಾಯಾ ಕಾಲಿಗೆ ನುಗ್ಗುತ್ತಾರೆ, ಎದುರಾಳಿ ಸೊಂಟ ಹಿಂದೆಳೆದು ಮೇಲೆ ಬೀಳುತ್ತಾನೆ. ಬೇರೆಯವರಾದರೆ ಅಲ್ಲಿಗೆ ಪಟ್ಟು ವಿಫಲ, ಎದ್ದು ಮತ್ತೆ ಶುರು. ಮಾಯಾ ಹಿಡಿದ ಕಾಲು ಬಿಡುವುದೇ ಇಲ್ಲ. ಅದರ ಕೆಳಗೇ ಉರುಳಿ ಹಾಫ್ ಗಾರ್ಡ್‌ಗೆ (ಕೆಳಗೆ ಮಲಗಿ ಎದುರಾಳಿಯ ಒಂದು ಕಾಲನ್ನು ತನ್ನ ಕಾಲುಗಳ ನಡುವೆ ಸಿಕ್ಕಿಸುವ ಭಂಗಿ) ಹೋಗುತ್ತಾರೆ, ಅಲ್ಲಿಂದ ಅದೇ ಕಾಲು ಹಿಡಿದು ಮೇಲೇಳುತ್ತಾರೆ. ತಪ್ಪಿಸಿಕೊಳ್ಳಲು ಅವನು ಮಗ್ಗುಲಾದರೆ ಬೆನ್ನು ಸಿಕ್ಕಂತೆ. ಅಂದರೆ ವಿಫಲವಾದ ಟೇಕ್‌ಡೌನ್ (ನೆಲಕ್ಕೆ ಕೆಡವುವ ಪಟ್ಟು) ಅವರ ಪಾಲಿಗೆ ಒಂದು ಬಾಗಿಲು. 2014ರಿಂದ 2017ರವರೆಗೆ ಸತತ ಏಳು ಗೆಲುವು. 2016ರಲ್ಲಿ ಕಾರ್ಲೋಸ್ ಕಾಂಡಿಟ್‌ರನ್ನು ಚೋಕ್‌ಗೆ (ಕತ್ತು ಬಿಗಿಯುವ ಹಿಡಿತ) ಸಿಕ್ಕಿಸಲು 1 ನಿಮಿಷ 52 ಸೆಕೆಂಡು ಸಾಕಾಯಿತು. ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ತಡೆಯಲಾಗುತ್ತಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ. 2017ರ ಜುಲೈನಲ್ಲಿ, 39ನೇ ವಯಸ್ಸಿನಲ್ಲಿ, ಮಾಯಾ ಟೈರನ್ ವುಡ್ಲಿ ಎದುರು ಪಟ್ಟಕ್ಕಾಗಿ ಆಡಿದರು. ಐದು ಸುತ್ತು ನುಗ್ಗಿದರೂ ಒಂದು ಟೇಕ್‌ಡೌನ್ ಕೂಡ ದಕ್ಕಲಿಲ್ಲ. ವುಡ್ಲಿ ಕಾಲು ಕಿತ್ತುಕೊಂಡು ದೂರ ಸರಿಯುತ್ತಿದ್ದರು, ಮೇಲೆ ಬೀಳುವ ಗೋಜಿಗೇ ಹೋಗುತ್ತಿರಲಿಲ್ಲ. ಮೇಲೆ ಬೀಳದವನನ್ನು ಉರುಳಿಸುವುದು ಹೇಗೆ? ಪಂದ್ಯ ಬೇಜಾರು ಹಿಡಿಸುತ್ತದೆ ಅಂತ ಜನ ಬೈದರು, ನನಗೆ ಮಾತ್ರ ಮಾಯಾ ಅವರ ಗೆಲುವುಗಳಿಗಿಂತ ಹೆಚ್ಚು ಕಲಿಸಿದ್ದು ಅದೇ. ಎರಡು ವರ್ಷದ ನಂತರ ಸಿಂಗಾಪುರದಲ್ಲಿ ಬೆನ್ ಆಸ್ಕ್ರೆನ್ ಎಂಬ ಒಲಿಂಪಿಕ್ ಕುಸ್ತಿಪಟುವನ್ನು ಇದೇ ಮಾಯಾ ಮೂರನೇ ಸುತ್ತಿನಲ್ಲಿ ಕತ್ತು ಬಿಗಿದು ಸೋಲಿಸಿದರು.

ನಾನು ಹುಡುಗನ ತರಬೇತಿ ಹಾಳೆ ಹರಿದು ಹೊಸದು ಬರೆದೆ. ಬಾಕ್ಸಿಂಗ್ ಪೂರ್ತಿ ತೆಗೆಯಲಿಲ್ಲ, ಆದರೆ ಅದರ ಕೆಲಸ ಬದಲಾಯಿತು: ಗೆಲ್ಲಲಿಕ್ಕಲ್ಲ, ಕಾಲಿನ ಹತ್ತಿರ ಹೋಗಲಿಕ್ಕೆ. ದಿನಕ್ಕೆ ನಲವತ್ತು ನಿಮಿಷ ಒಂದೇ ಅಭ್ಯಾಸ: ನಾನು ಅವನ ಮೇಲೆ ಪೂರ್ತಿ ಭಾರ ಹಾಕಿ ಮಲಗುವುದು, ಅವನ ಕೈಯಲ್ಲಿ ನನ್ನ ಒಂದು ಕಾಲು, ಅಲ್ಲಿಂದ ಶುರು. ಮೊದಲ ವಾರ ಅವನು ಹತ್ತರಲ್ಲಿ ಒಮ್ಮೆ ಬೆನ್ನಿಗೆ ಬರುತ್ತಿದ್ದ. ಈಗ ನನಗೆ ಸೊಂಟ ನೋವು, ಆ ಅಭ್ಯಾಸಕ್ಕೆ ಬೇರೆಯವರನ್ನು ಕಳಿಸುತ್ತೇನೆ.