ಮಾಟದ ಕಥೆಗಳನ್ನು ನಾನೇಕೆ ಓದುತ್ತೇನೆ?

"ದೆವ್ವವನ್ನೇ ನಂಬದ ನೀವು ಅಮೆರಿಕದ ದಕ್ಷಿಣ ರಾಜ್ಯಗಳ ದೆವ್ವ, ಮಾಟಗಳ ಕಥೆಗಳನ್ನು ಹುಡುಕಿ ಹುಡುಕಿ ಓದುವುದೇಕೆ?" ಎಂದು ನನ್ನ ಪುಸ್ತಕದ ಕಪಾಟನ್ನು ನೋಡಿದವರೆಲ್ಲ ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ಅಂಥದೇ ಒಂದು ಕಥೆಯನ್ನು ಹೇಳುವುದು ನನಗೆ ಸುಲಭ.

ಕಪ್ಪು ಲೇಖಕ ಚಾರ್ಲ್ಸ್ ಚೆಸ್ನಟ್ 1887ರಲ್ಲಿ ಪ್ರಕಟಿಸಿದ ಕಥೆ ಅದು; ನಡೆಯುವುದು ನಾರ್ತ್ ಕ್ಯಾರೊಲಿನಾದ ಒಂದು ದ್ರಾಕ್ಷಿ ತೋಟದಲ್ಲಿ. ಗುಲಾಮರು ಹಣ್ಣು ಕದ್ದು ತಿನ್ನುತ್ತಾರೆಂದು ತೋಟದ ಯಜಮಾನನು ಪೆಗಿ ಎಂಬ ಮುದುಕಿಗೆ ಹತ್ತು ಡಾಲರ್ ಕೊಟ್ಟು ಬಳ್ಳಿಗಳಿಗೆ ಮಾಟ ಮಾಡಿಸುತ್ತಾನೆ. ತಿಂದವರು ವರ್ಷದೊಳಗೆ ಸಾಯಬೇಕು. ಹೊಸದಾಗಿ ಬಂದ ಹೆನ್ರಿ ವಿಷಯ ತಿಳಿಯದೆ ತಿಂದುಬಿಟ್ಟಾಗ, ಬಳ್ಳಿ ಸವರಿದ ತುದಿಯಲ್ಲಿ ಒಸರುವ ರಸವನ್ನು ಬೋಳುತಲೆಗೆ ಹಚ್ಚಿಕೊಳ್ಳುವಂತೆ ಅದೇ ಮುದುಕಿ ಪರಿಹಾರ ಹೇಳುತ್ತಾಳೆ. ಅಂದಿನಿಂದ ಬಳ್ಳಿ ಚಿಗುರಿದಾಗ ಹೆನ್ರಿಯ ತಲೆಯಲ್ಲಿ ದ್ರಾಕ್ಷಿ ಗೊಂಚಲಿನಂಥ ಗುಂಗುರು ಕೂದಲು ಬೆಳೆದು ಮೈಗೆ ಹರೆಯ ಬರುತ್ತದೆ. ಎಲೆ ಉದುರಿದಾಗ ಕೂದಲೂ ಉದುರಿ ಕೀಲುನೋವು ಮರಳುತ್ತದೆ. ಇದನ್ನು ಗಮನಿಸಿದ ಯಜಮಾನನು ವಸಂತದಲ್ಲಿ ಅವನನ್ನು ದುಬಾರಿ ಬೆಲೆಗೆ ಮಾರಿ, ಅವನು ಸೊರಗಿದ ಮೇಲೆ ಅಗ್ಗವಾಗಿ ಮರಳಿ ಕೊಳ್ಳುವುದನ್ನು ವರ್ಷಾನುವರ್ಷ ನಡೆಸುತ್ತಾನೆ.

ಓದುವಾಗ ನನಗೆ ಮುದುಕಿಯ ಮಾಟದಿಂದ ಹೆದರಿಕೆಯಾಗಲಿಲ್ಲ. ಯಜಮಾನನ ವ್ಯಾಪಾರದಿಂದ ಆಯಿತು. ಅದರಲ್ಲಿ ಮಂತ್ರವೇನೂ ಇಲ್ಲ. ಮನುಷ್ಯನನ್ನು ಮಾರುವುದೂ ಕೊಳ್ಳುವುದೂ ಅಲ್ಲಿ 1865ರವರೆಗೆ ಕಾನೂನಿಗೆ ಒಪ್ಪಿತವಾಗಿಯೇ ಇತ್ತು. ಈ ಬಗೆಯ ಒಳ್ಳೆಯ ಕಥೆಗಳಲ್ಲಿ ಅಲೌಕಿಕವು ನಡೆದದ್ದನ್ನು ಮರೆಮಾಡುವುದಿಲ್ಲ, ಇನ್ನಷ್ಟು ಹತ್ತಿರ ತಂದು ತೋರಿಸುತ್ತದೆ. ಪಾಳುಬಿದ್ದ ಬಂಗಲೆ, ಪಾಚಿ ತೂಗುವ ಓಕ್ ಮರ, ಗೊಣಗುವ ಮುದುಕಿ ಇವಿಷ್ಟನ್ನೇ ಅಲಂಕಾರಕ್ಕೆಂದು ಜೋಡಿಸಿದ ಪುಸ್ತಕಗಳೂ ಬೇಕಾದಷ್ಟಿವೆ. ಅವುಗಳನ್ನು ನಾನು ಅರ್ಧಕ್ಕೇ ಮುಚ್ಚಿಡುತ್ತೇನೆ.

ಅಲ್ಲಿನ ಜಾನಪದದಲ್ಲಿಯೂ ಇದೇ ಚರಿತ್ರೆ ಅಂಟಿಕೊಂಡಿದೆ. ಸೌತ್ ಕ್ಯಾರೊಲಿನಾ, ಜಾರ್ಜಿಯಾಗಳ ಕರಾವಳಿಯಲ್ಲಿ ಜಗಲಿಯ ಮೇಲ್ಛಾವಣಿಗೆ ತಿಳಿನೀಲಿ ಬಣ್ಣ ಬಳಿಯುವ ರೂಢಿಯಿದೆ. ಪ್ರೇತಗಳು ನೀರನ್ನು ದಾಟಲಾರವು, ನೀಲಿಯನ್ನು ನೀರೆಂದು ತಿಳಿದು ಹಿಂದಿರುಗುತ್ತವೆ ಎಂಬುದು ಗುಲಾಮರಾಗಿ ಬಂದ ಆಫ್ರಿಕನ್ನರ ವಂಶಜರಾದ ಅಲ್ಲಿನ ಗಲ್ಲಾ ಸಮುದಾಯದ ನಂಬಿಕೆ. ಹದಿನೆಂಟನೆಯ ಶತಮಾನದಲ್ಲಿ ಅದೇ ಕರಾವಳಿಯಲ್ಲಿ ನೀಲಿ ಗಿಡವನ್ನು ಬೆಳೆದು, ಕೊಳೆಸಿ, ಕಡೆದು ಬಣ್ಣ ತೆಗೆಯುತ್ತಿದ್ದವರು ಆಫ್ರಿಕಾದಿಂದ ತಂದ ಗುಲಾಮರು. ಇದು ಗೊತ್ತಾದ ಮೇಲೆ, ಕಥೆಯಲ್ಲಿ ನೀಲಿ ಛಾವಣಿ ಬಂದರೆ ನಾನು ಪುಟ ತಿರುಗಿಸುವುದನ್ನು ನಿಲ್ಲಿಸಿ ಒಂದು ಕ್ಷಣ ಸುಮ್ಮನಿರುತ್ತೇನೆ.

ಅಂದ ಹಾಗೆ, ಹೆನ್ರಿಯ ಕಥೆಯನ್ನು ಹೇಳುವವನು ಅದೇ ತೋಟದಲ್ಲಿ ಗುಲಾಮನಾಗಿದ್ದ ಜೂಲಿಯಸ್ ಎಂಬ ಮುದುಕ. ಕೇಳುವವನು ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ತೋಟ ಕೊಳ್ಳಲು ಉತ್ತರದಿಂದ ಬಂದ ಬಿಳಿಯ. ಆ ಬಳ್ಳಿಗಳಲ್ಲಿ ಇನ್ನೂ ಮಾಟವಿದೆ, ಕೊಳ್ಳಬೇಡಿ ಎಂದು ಮುದುಕ ಎಚ್ಚರಿಸುತ್ತಾನೆ. ಬಿಳಿಯ ಕೊಂಡೇಬಿಡುತ್ತಾನೆ. ಮುದುಕ ಅಷ್ಟು ವರ್ಷ ಆ ಹಣ್ಣುಗಳಿಂದಲೇ ನಾಲ್ಕು ಕಾಸು ಸಂಪಾದಿಸುತ್ತಿದ್ದನೆಂಬುದು ಅವನಿಗೆ ಆಮೇಲೆ ತಿಳಿಯುತ್ತದೆ. ಮುದುಕನನ್ನು ಕುದುರೆಗಾಡಿ ಓಡಿಸಲು ಇಟ್ಟುಕೊಳ್ಳುತ್ತಾನೆ.