ಬಂದ್ ಬಿದ್ದ ಫ್ರಿಜ್ಜು, ಅವ್ವ ನೋಡಿದ ಇಂಗ್ಲಿಷ್ ಸಿನಿಮಾ

ನಮ್ಮ ಮನ್ಯಾಗಿನ ಫ್ರಿಜ್ ಎಂಟ ತಿಂಗಳಿಂದ ಬಂದ್ ಐತಿ. ಕೆಟ್ಟಿಲ್ರಿ, ಪ್ಲಗ್ ಕಿತ್ತೈತಿ ಅಷ್ಟ. ಕಿತ್ತಾಕಿ ನಮ್ಮವ್ವ. ಅಪ್ಪ ಹೋಗಿ ಹನ್ನೊಂದ ದಿನದ ಕಾರ್ಯ ಮುಗದು ಬೀಗರು ನೆಂಟರೆಲ್ಲಾ ತಮ್ಮ ತಮ್ಮ ಊರ ಹಿಡದ ಮ್ಯಾಲ ಒಂದ ರಾತ್ರಿ ಎದ್ದು ಕಿತ್ತಿಟ್ಟಿದ್ಲು, ಮುಂಜಾನೆ ಕೇಳಿದ್ರ "ಕರೆಂಟ್ ಬಿಲ್ ಭಾಳ ಬರಾಕತ್ತೈತಿ" ಅಂದ್ಲು. ನಾವೂ ಹೌದೇನೋ ಅಂತ ಬಿಟ್ವಿ. ನನ್ನ ಹೆಂಡ್ತಿ ಎರಡ ಸಲ ಚಾಲೂ ಮಾಡಿ ನೋಡಿದ್ಲು, ತಾಸಿನ್ಯಾಗ ಮತ್ತ ಬಂದ್. ಮೊಸರು ಹುಳಿ ಆಗೂದು, ಕೊತ್ತಂಬ್ರಿ ಬಾಡೂದು, ದಿನಾ ಸಂಜಿಮುಂದ ದುರ್ಗದಬೈಲಿಗೆ ಹೋಗಿ ಕಾಯಿಪಲ್ಯೆ ತರೂದು ನನ್ನ ಪಾಲಿಗೆ ಬಂತು, ಮತ್ತ ನಾನೂ ಒಳಗೊಳಗ ಸಿಟ್ಟ ಮಾಡ್ಕೊಂಡೇನಿ, ಸುಳ್ಳ ಯಾಕ ಹೇಳಲಿ.

ಎಳ್ಳ ಅಮಾಸಿ ದಿನದ ಮಾತಿದು. ವರ್ಷ ಆಗೂತನಕ ಮನ್ಯಾಗ ಹಬ್ಬ ಇಲ್ಲಲ್ಲ, ಹಿಂಗಾಗಿ ಚರಗಾ ಚೆಲ್ಲಾಕ ಹೊಲಕ್ಕ ಹೋಗಲಿಲ್ಲ. ಹೊಲ ಇರೂದು ಅಣ್ಣಿಗೇರಿ ಕಡೆ, ಅಪ್ಪಗ ಮಣ್ಣ ಕೊಟ್ಟಿದ್ದೂ ಅಲ್ಲೇ. ಬಾಜೂ ಮನಿಯವರು ಸಜ್ಜಿ ರೊಟ್ಟಿ, ಬದನಿಕಾಯಿ ಪಲ್ಯೆ, ಪುಂಡಿಪಲ್ಯೆ ತಂದ ಕೊಟ್ರು, ಉಂಡ್ವಿ, ಆಮ್ಯಾಲ ಆ ಮಧ್ಯಾಹ್ನ ಹೆಂಗ ಕಳೀಬೇಕು ಅನ್ನೂದ ಗೊತ್ತಾಗಲಿಲ್ಲ. ಟಿವಿ ಹಚ್ಚಿ ಒಂದ ಇಂಗ್ಲಿಷ್ ಸಿನಿಮಾ ಹಾಕಿದೆ, ಮ್ಯಾಂಚೆಸ್ಟರ್ ಬೈ ದ ಸೀ ಅಂತ. ಹೆಸರಾಗ ಸಮುದ್ರ ಐತಿ, ಅವ್ವಗ ಸಮುದ್ರ ಅಂದ್ರ ಭಾಳ ಸೇರತೈತಿ, ಗೋಕರ್ಣಕ್ಕ ಒಮ್ಮೆ ಹೋಗಿ ಬಂದಿದ್ದನ್ನ ಇನ್ನೂ ಹೇಳ್ತಾಳ, ಇಷ್ಟ ನನ್ನ ಲೆಕ್ಕ. ಕಥಿ ಏನು ಅಂತ ಓದಿರಲಿಲ್ಲ. 2016ರ ಸಿನಿಮಾ, ಎರಡ ಆಸ್ಕರ್ ಬಂದಾವ, ಒಂದು ಹೀರೋ ಕೇಸಿ ಅಫ್ಲೆಕ್‌ಗೆ, ಇನ್ನೊಂದು ಕಥಿ ಬರದ ಕೆನೆತ್ ಲೋನರ್ಗನ್‌ಗೆ, ಡೈರೆಕ್ಷನ್ನೂ ಅವಂದ. ಆಸ್ಕರ್ ಬಂದೈತಿ ಅಂದ್ರ ಸಮುದ್ರ ಚಂದ ತೋರಿಸಿರತಾರ ಅಂದ್ಕೊಂಡೆ. ನನ್ನ ಶ್ಯಾಣ್ಯಾತನ.

ಹತ್ತ ನಿಮಿಷದಾಗ ಗೊತ್ತಾತು ಎಂಥಾದ್ದಕ್ಕ ಕೈ ಹಾಕೇನಿ ಅಂತ. ಲೀ ಅನ್ನಾಂವ ಒಬ್ಬ, ಕ್ವಿನ್ಸಿ ಅನ್ನೋ ಊರಾಗ ಅಪಾರ್ಟ್‌ಮೆಂಟಿನ್ಯಾಗ ಸಂಡಾಸ ಪೈಪ್ ರಿಪೇರಿ, ನಳಾ ರಿಪೇರಿ, ಬರ್ಫ್ ಬಳಿಯೂದು ಇಂಥಾ ಕೆಲಸ ಮಾಡ್ಕೊಂಡಿರತಾನ. ಫೋನ್ ಬರತೈತಿ, ಅಣ್ಣ ಹಾರ್ಟ್ ಪ್ರಾಬ್ಲಮ್ ಆಗಿ ಹೋಗಿಬಿಟ್ಟಾನ. ಅಣ್ಣನ ಮಗ ಹದಿನಾರ ವರ್ಷದಾಂವ, ಅಂವನ ಜವಾಬ್ದಾರಿ ನಿಂದ ಅಂತ ಅಣ್ಣ ಇಂವನ್ನ ಕೇಳದನ ವಿಲ್ ಬರದಿಟ್ಟಾನ. ಬಂದ್ ಮಾಡಲೇನವ್ವಾ ಅಂದೆ. "ಇರ್ಲಿ ಹಚ್ಚು, ಆ ಹುಡಗನ್ನ ಯಾರ ನೋಡ್ಕೋತಾರ ನೋಡೂಣಂತ" ಅಂದ್ಲು. ಸರಿ, ಆಕಿಗೆ ಇಂಗ್ಲಿಷ್ ಬರಂಗಿಲ್ಲ, ನಾ ಬಾಜೂಕ ಕುಂತು ಹೇಳ್ಕೋತ ಹೋದೆ.

ಆ ಲೀ ಅಳಂಗಿಲ್ಲರಿ. ದವಾಖಾನಿಗೆ ಬಂದು ಅಣ್ಣನ ಹೆಣಾ ನೋಡ್ತಾನ, ಡಾಕ್ಟರ್ ಜೋಡಿ ಪೇಪರ್ ಮಾತು, ಮುಂದ ಯಾರಿಗೆ ಫೋನ್ ಹಚ್ಚಬೇಕು ಅನ್ನೂದು, ಅಷ್ಟ. ಅವ್ವ ಟಿವಿ ನೋಡ್ಕೋತನ "ನಿನ್ನ ತಮ್ಮನಂಗ ಅದಾನ" ಅಂದ್ಲು. ನಾ ಸುಮ್ಮಾದೆ.

ಯಾಕಂದ್ರ ನಮ್ಮ ತಮ್ಮ ಇರೂದು ದುಬೈದಾಗ. ಅಪ್ಪ ಹೋಗಿದ್ದು ಏಪ್ರಿಲ್ ಕಡೀಗೆ, ರಣಾ ಬಿಸಲು. ತಮ್ಮ ಬರೂಮಟ ಇಡಬೇಕಂತ ಫ್ರೀಜರ್ ಪೆಟ್ಟಿಗಿ ಬಾಡಗಿ ತಂದು ಪಡಸಾಲ್ಯಾಗ ಇಟ್ವಿ. ಹಿರಿಯಾರಿಗೆ ಅದು ಸರಿ ಕಾಣಲಿಲ್ಲ. ನಮ್ಮೊಳಗ ಕುಂಡ್ರಿಸಿ ವಿಭೂತಿ ಹಚ್ಚಿ ಕುಂತಂಗನ ಸಮಾಧಿ ಮಾಡೂದು ಪದ್ಧತಿ, ತಡಾ ಆದ್ರ ಮೈ ಬಿಗೀತೈತಿ, ಆಮ್ಯಾಲ ಹೆಂಗ ಕುಂಡ್ರಸ್ತೀರಿ ಅಂತ ಒಬ್ಬ ಕಾಕಾ ದೊಡ್ಡ ದನೀಲೆ ಅಂದ್ರು, ಅಲ್ಲೇ ಅವ್ವನ ಮುಂದ. ಅವ್ವ ಒಂದ ಮಾತ ಆಡಲಿಲ್ಲ. ಇಡೀ ರಾತ್ರಿ ಆ ಪೆಟ್ಟಿಗಿ ಗುಂಯ್ ಅಂತಿತ್ತು, ಹೊರಗ ಶಾಮಿಯಾನದಾಗ ಭಜನಿ, ಮಂದಿ ಚಾ ಕುಡಕೋತ ಮಾತ, ಒಳಗ ಅವ್ವ ಗ್ವಾಡಿಗೆ ಆತು ಕುಂತಿದ್ಲು, ಗಾಜಿನ ಮ್ಯಾಲ ನೀರ ಕಟ್ಟಿದ್ರ ಸೆರಗಿಲೆ ಒರಸೂದು, ಮತ್ತ ಕುಂಡ್ರೂದು. ಹಂಗ ಬೆಳತನ.

ತಮ್ಮ ಮರುದಿನ ಗೋವಾಕ್ಕ ಇಳದು ಟ್ಯಾಕ್ಸಿ ಮಾಡ್ಕೊಂಡ ಬಂದ. ಹೆಣ್ಮಕ್ಕಳು ಅವನ ಕೊಳ್ಳಿಗೆ ಬಿದ್ದು ಹಾಡ್ಯಾಡ್ಕೊಂಡ ಅತ್ರು, ಇಂವ ಕಂಬ ನಿಂತಂಗ ನಿಂತ. ಆಮ್ಯಾಲ ನನ್ನ ಹತ್ರ ಬಂದು ಕೇಳಿದ ಮೊದಲನೇ ಮಾತು, ಪೆಟ್ಟಿಗಿ ಬಾಡಗಿ ತಾಸಿನ ಲೆಕ್ಕೋ ದಿನದ ಲೆಕ್ಕೋ ಅಂತ! ಮಣ್ಣಿಗೆ ಬಂದ ಮಂದಿ "ಕಲ್ಲೆದಿ ನೋಡ್ರಿ, ದುಬೈ ರೊಕ್ಕ" ಅಂತ ಮಾತಾಡ್ಕೊಂಡ್ರು. ನಾನೂ ಅವರ ಪೈಕಿನ. ಬ್ಯಾಸಿಗ್ಯಾಗ ಎರಿ ಹೊಲ ಕಲ್ಲಾಗಿರತೈತಿ, ಕುಣಿ ತೋಡೋರಿಗೆ ಹಾರಿ ಹೊಡದು ಹೊಡದು ಸಾಕಾಗಿತ್ತು, ತಮ್ಮ ಅಂಗಿ ತಗದು ತಾನ ಇಳದ. ಅದನ್ನ ಮಂದಿ ಮಾತಾಡಲಿಲ್ಲ. ಕಡೀಗೆ ಅಪ್ಪನ್ನ ಮಲಗಿಸೇ ಇಟ್ವಿ.

ಇರ್ಲಿ, ಸಿನಿಮಾಕ್ಕ ಬರತೇನಿ. ಅಲ್ಲಿ ಎರಿ ಹೊಲ ಅಲ್ಲ, ಥಂಡಿ. ಭೂಮಿ ಬರ್ಫ್ ಕಟ್ಟಿ ಕುಣಿ ತೋಡಾಕ ಬರಂಗಿಲ್ಲ, ವಸಂತ ಋತು ಬರೂತನಕ ಅಣ್ಣನ ಹೆಣಾ ಫ್ರೀಜರ್‌ನ್ಯಾಗ ಇಡಬೇಕು. ಇದನ್ನ ಅವ್ವಗ ಹೇಳಲೋ ಬ್ಯಾಡೋ ಅಂತ ಮಾಡಿ ಹೇಳಲಿಲ್ಲ, "ಮಣ್ಣ ಲೇಟ್ ಆಗತೈತಂತ" ಅಂತ ತೇಲಿಸಿಬಿಟ್ಟೆ. ಆ ಹುಡುಗ ಭಾರಿ ಗಟ್ಟಿ ಅದಾನ, ಅಪ್ಪ ಸತ್ತ ರಾತ್ರಿನ ದೋಸ್ತರನ್ನ ಕರಸ್ತಾನ, ಗೆಳತಿ ಮನ್ಯಾಗ ಉಳಕೋತಾಳ, ಹಾಕಿ ಆಟ, ಬ್ಯಾಂಡು. ಅವ್ವಗ ಇದೆಲ್ಲಾ ಸೇರಲಿಲ್ಲ, "ಏನ ಹುಡುಗೋ ಏನೋ" ಅಂದ್ಲು. ಆಮ್ಯಾಲ ಒಂದ ರಾತ್ರಿ ಅಂವ ತಿನ್ನಾಕ ಏನರ ತಗೋಬೇಕಂತ ಫ್ರಿಜ್ ತೆಗೀತಾನ, ಮ್ಯಾಲಿನ ಫ್ರೀಜರ್‌ನಿಂದ ಗಡ್ಡಿ ಕಟ್ಟಿದ ಚಿಕನ್ ಪಾಕೀಟ ಕೆಳಗ ಬೀಳ್ತಾವ, ಒಳಗ ತುರುಕ್ತಾನ, ಮತ್ತ ಬೀಳ್ತಾವ, ಬಾಗಲಾ ಹಾಕಿದ್ರ ಹತ್ತವಲ್ದು, ಅಷ್ಟಕ್ಕ ಹುಡುಗ ಉಸರ ಕಟ್ಟಿ ಅಳಾಕ ಚಾಲೂ ಮಾಡ್ತಾನ.

ನಾ ಏನೂ ಹೇಳಿರಲಿಲ್ಲ. ಹೇಳಾಕ ಬಾಯಿ ತಗೀಬೇಕು ಅನ್ನೂದ್ರಾಗ ಅವ್ವ ಅಂದ್ಲು: "ಅವರಪ್ಪನ್ನ ಪೆಟ್ಟಿಗ್ಯಾಗ ಇಟ್ಟಾರೇನು?"

ಹೂಂ ಅಂದೆ. ಅವ್ವ ಎದ್ದು ಅಡಗಿ ಮನಿಗೆ ಹೋದ್ಲು. ನೀರ ಕುಡಿಯೂ ಸಪ್ಪಳಾ ಬಂತು. ಒಂದ ನಿಮಿಷ ಬಿಟ್ಟು ಅಲ್ಲಿಂದನ ಮಾತಾಡಿದ್ಲು, "ರಾತ್ರಿ ಒಮ್ಮೊಮ್ಮೆ ಹಂಗ ಗುಂಯ್ ಅಂತೈತ್ಯೋ ಯಪ್ಪಾ, ಒಳಗ ಅದಾರೇನೋ ಅನಸ್ತೈತಿ." ಫ್ರಿಜ್ಜಿನ ಮಾತ ಅದು. ನನ್ನ ಹೆಂಡ್ತಿ ನನ್ನ ಮಾರಿ ನೋಡಿದ್ಲು, ನಾ ರಿಮೋಟ್ ನೋಡಿದೆ. ಎಂಟ ತಿಂಗಳು ಕರೆಂಟ್ ಬಿಲ್ ಅಂತ ತಿಳಕೊಂಡಿದ್ವಲ್ರಿ.

ಆ ಲೀ ಯಾಕ ಹಂಗ ಅದಾನ ಅನ್ನೂದು ಫ್ರಿಜ್ಜಿನ ಸೀನಿಗಿಂತ ಮೊದಲ ಬಂದಿತ್ತು. ರಾತ್ರಿ ಕುಡದು ಮನ್ಯಾಗ ಬೆಂಕಿ ಗೂಡಿಗೆ ಕಟಗಿ ಹಾಕಿ, ಮುಂದಿನ ಜಾಳಗಿ ಇಡೂದ ಮರತು ಬಿಯರ್ ತರಾಕ ಅಂಗಡಿಗೆ ಹೋಗಿರತಾನ, ಬರೂದ್ರಾಗ ಮನಿ ಹೊತ್ತೈತಿ, ಮೂರ ಮಕ್ಕಳು ಹೋಗಿಬಿಟ್ಟಾವ. ಪೊಲೀಸರು ಇದು ಅಪರಾಧ ಅಲ್ಲ, ಹೋಗು ಅಂತಾರ, ಆ ಹೋಗು ಅನ್ನೂದ ತಡಕೊಳ್ಳಾಕ ಆಗದ ಪೊಲೀಸನ ಬಂದೂಕ ಕಸದು ತನಗ ಹೊಡ್ಕೊಳ್ಳಾಕ ಹೋಗ್ತಾನ.  ಅವ್ವ ಲೊಚಗುಟ್ಟಿದ್ಲು, ಇಂಥಾದ್ದ ನೋಡಿ ಯಾರರ ಅಳೂದೆಲ್ಲಿ ಅಂದ್ಲು. ಆ ಪಾರ್ಟಿನ್ಯಾಗ ಸಂಗೀತ ಭಾಳ ಜೋರ ಹಾಕ್ಯಾರ, ಅಷ್ಟ ಬೇಕಾಗಿರಲಿಲ್ಲ ಅನಿಸ್ತು ನನಗ, ಆದ್ರ ಬ್ಯಾರೆ ಕಡೆ ಸುಮ್ಮನ ಬಿಟ್ಟಿದ್ದ ಹಿಡಸ್ತು. ನಮ್ಮಲ್ಲಾಗಿದ್ರ ಕಡೀಗೆ ಕಾಕಾ ಹುಡುಗ ತಬ್ಕೊಂಡು ಒಂದ ಹಾಡ ಹಾಕಿ ಮುಗಸ್ತಿದ್ರು. ಇಲ್ಲಿ ಅಂವ ನನ್ನ ಕೈಲೆ ಈ ಊರಾಗ ಇರಾಕ ಆಗಂಗಿಲ್ಲ ಅಂತ ಹುಡಗನ ಮುಂದ ಹೇಳಿಬಿಡ್ತಾನ, ಹುಡಗನ್ನ ಅಣ್ಣನ ಗೆಳ್ಯಾನ ಮನ್ಯಾಗ ಬಿಡೂ ವ್ಯವಸ್ಥಾ ಮಾಡ್ತಾನ.

"ಬಿಟ್ಟ ಹೋಗ್ತಾನೇನು?" ಅಂದ್ಲು ಅವ್ವ, ಅಷ್ಟೊತ್ತಿಗೆ ಅಡಗಿ ಮನಿಯಿಂದ ತಿರುಗಿ ಬಂದು ಕುಂತಿದ್ಲು. ಹೂಂ, ಆದ್ರ ತಾ ಹೋಗೂ ಊರಾಗ ಒಂದ ಖೋಲಿ ಹೆಚ್ಚಿಗಿ ಇರೂ ಮನಿ ನೋಡಾಕತ್ತಾನಂತ, ಹುಡುಗ ಯಾವಾಗರ ಬಂದ್ರ ಇರಾಕ, ಅಂದೆ.

"ನೋಡಾಕತ್ತಾನಲ್ಲ, ಸಾಕ್ ಬಿಡು" ಅಂದ್ಲು. ಸ್ವಲ್ಪ ಹೊತ್ತ ಬಿಟ್ಟು, "ತಮ್ಮಗ ಫೋನ್ ಹಚ್ಚು."

ಹಚ್ಚಿದೆ. ಅವ್ವ ಸಿನಿಮಾ ಸುದ್ದಿ ತಗೀಲಿಲ್ಲ. ಉಂಡೇನೋ, ಏನ ಮಾಡ್ಕೊಂಡಿದ್ದಿ, ಸಜ್ಜಿ ರೊಟ್ಟಿ ಕಟ್ಟಿ ಕಳಸಾಕ ಬರತೈತೇನು ಅಲ್ಲಿಗೆ, ಇದನ್ನ ಕೇಳಿದ್ಲು. ಫೋನ್ ನನ್ನ ಕೈಗೆ ಬಂದಾಗ ಆ ಕುಣಿ ತೋಡಿದ ಮಾತ ಎತ್ತಬೇಕಂತ ಮಾಡಿದ್ದೆ. "ಏನಲೇ, ಥಂಡಿ ಐತೇನು ಅಲ್ಲಿ?" ಅಂದೆ. ದುಬೈದಾಗ ಎಂಥಾ ಥಂಡಿ ಲೇ ಅಣ್ಣಾ ಅಂತ ನಕ್ಕ.

ಫ್ರಿಜ್ ಇನ್ನೂ ಬಂದ್ ಐತಿ. ಮೊನ್ನೆ ನನ್ನ ಹೆಂಡ್ತಿ ಅದರಾಗ ಶೇಂಗಾ ಚಟ್ನಿ, ಬ್ಯಾಳಿ ಡಬ್ಬಿ ಹೊಂದಿಸಿಟ್ಲು, ಇಲಿ ಕಾಟ ಇರಂಗಿಲ್ಲ ಅಂತ. ಅವ್ವ ಕೆಳಗಿನ ಖಾನೆದಾಗ ಉಳ್ಳಾಗಡ್ಡಿ ಇಟ್ಟಾಳ.