ಬುಬ್ಕಾ ಒಂದೊಂದೇ ಸೆಂಟಿಮೀಟರ್ ಯಾಕೆ ಏರಿಸಿದ? ಇನ್ನು ಮೇಲೆ ಕೇಳಬೇಡಿ

ನಾನು ಕಲಬುರಗಿಯಲ್ಲಿ ಪಿ.ಟಿ. ಮಾಸ್ತರ. ಪೋಲ್ ವಾಲ್ಟ್, ಅಂದರೆ ಗಳ ಊರಿ ಎತ್ತರ ಹಾರುವ ಆಟದ ಹುಚ್ಚು ಜಾಸ್ತಿ, ಅದರಲ್ಲಿ ಸೋವಿಯತ್ ಒಕ್ಕೂಟದ ಹಾರುಗಾರ ಸೆರ್ಗೆಯ್ ಬುಬ್ಕಾನ ಹುಚ್ಚು ಅದಕ್ಕಿಂತ ಜಾಸ್ತಿ. ಸುಸಲಾ-ಮಿರ್ಚಿ ಮುಂದೆ ಕೂತಾಗ ಅವನ ಹೆಸರು ಬಾಯಿಗೆ ಬಂದರೆ ಸಾಕು, ಯಾರಾದರೂ ಕೇಳಿಯೇ ಬಿಡುತ್ತಾರೆ: "ಅಂವ ವಿಶ್ವ ದಾಖಲೆ ಒಂದೊಂದೇ ಸೆಂಟಿಮೀಟರ್ ಯಾಕ ಏರಸ್ತಿದ್ದ ಸರ? ರೊಕ್ಕಕ್ಕ ಅಲ್ಲೇನ್ರಿ?" ಕೇಳಿ ಕಣ್ಣು ಬೇರೆ ಹೊಡೆಯುತ್ತಾರೆ, ಕಳ್ಳನನ್ನು ಹಿಡಿದುಕೊಟ್ಟವರ ಹಾಗೆ.

ರೊಕ್ಕಕ್ಕೂ ಹೌದು. ವಿಶ್ವ ದಾಖಲೆ ಮುರಿದರೆ ಕೂಟ ನಡೆಸುವವರು ಬೋನಸ್ ಕೊಡುತ್ತಿದ್ದರು; ಸ್ವಲ್ಪ ಸ್ವಲ್ಪವೇ ಏರಿಸಿದರೆ ಮತ್ತೆ ಮತ್ತೆ ಮುರಿಯಬಹುದು. ಹೊರಾಂಗಣದಲ್ಲಿ 17, ಒಳಾಂಗಣದಲ್ಲಿ 18, ಒಟ್ಟು 35 ಸಲ ಮುರಿದ. ಆಯ್ತಾ?

ಹೋದ ವರ್ಷ ಮದುವೆ ಊಟದಲ್ಲಿ ನಮ್ಮ ಕಾಕಾ ಇದೇ ರಾಗ ತೆಗೆದರು. ಕೈಯಲ್ಲಿ ಹೋಳಿಗೆ ಹಿಡಿದು, ನಾಲ್ಕು ಜನರ ಮುಂದೆ, "ಅದು ಮೋಸನೇ ಬಿಡು" ಅಂದರು. ನನಗೆ ರೇಗಿತು. "ಕಾಕಾ, ಈ ಸಲದ ತೊಗರಿ ಎಲ್ಲಾ ಒಮ್ಮೆಲೇ ಮಾರಿದ್ರೇನು?" ಅಂದೆ. ಕಾಕಾ ತುಪ್ಪ ಬಡಿಸುವವನನ್ನು ಕರೆದರು. ಪಡಸಾಲೆ ತುಂಬ ಚೀಲ ಒಟ್ಟಿಕೊಂಡು ದಿನಾ ಬೆಳಿಗ್ಗೆ ಗಂಜ್ ಮಾರುಕಟ್ಟೆಯ ರೇಟು ಕೇಳುವ ಮನುಷ್ಯ ಅವರು.

ಯಾವಾಗಲೂ ಒಂದೇ ಸೆಂಟಿಮೀಟರ್ ಅನ್ನೋದೂ ಸುಳ್ಳೇ. 5.94 ಮೀಟರ್ ಇದ್ದ ದಾಖಲೆಯನ್ನು 1985ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಒಂದೇ ಏಟಿಗೆ 6 ಮೀಟರ್ ಮಾಡಿದ. ಅಲ್ಲಿವರೆಗೆ ಯಾರೂ ಅಷ್ಟು ಹಾರಿರಲಿಲ್ಲ. ಇದನ್ನು ಯಾರೂ ಎತ್ತಲ್ಲ.

ಬಾರ್ಸಿಲೋನಾ ಬಗ್ಗೆಯೂ ಕೇಳಲ್ಲ. ಕೇಳಬೇಕಾದ್ದು ಅದನ್ನ. 1983ರಿಂದ 1997ರವರೆಗೆ ಸತತ ಆರು ವಿಶ್ವ ಚಾಂಪಿಯನ್‌ಷಿಪ್ ಗೆದ್ದವನಿಗೆ ಒಲಿಂಪಿಕ್ ಚಿನ್ನ ಒಂದೇ, 1988ರ ಸೋಲ್‌ನದು. 1984ರಲ್ಲಿ ಸೋವಿಯತ್ ಒಕ್ಕೂಟ ಹೋಗಲೇ ಇಲ್ಲ. 1992ರಲ್ಲಿ ಬಾರ್ಸಿಲೋನಾಕ್ಕೆ ಹೋದ, ಎರಡು ತಿಂಗಳ ಹಿಂದಷ್ಟೇ 6.11 ಹಾರಿ ದಾಖಲೆ ಬರೆದಿದ್ದವನು. ಮೂರು ಸಲ ಓಡಿ ಬಂದ, ಮೂರೂ ಸಲ ತಪ್ಪಿತು; ತಪ್ಪಿದ್ದಕ್ಕೆ ಒಂದೊಂದು ಇಂಟು ಗುರುತು. ಲೆಕ್ಕಕ್ಕೆ ಒಂದು ಎತ್ತರವೂ ಇಲ್ಲ. 5.80 ಹಾರಿದ ಮ್ಯಾಕ್ಸಿಮ್ ತರಾಸೊವ್ ಚಿನ್ನ ಒಯ್ದ.

ಆ ಮೂರು ಇಂಟು ಗುರುತಿನ ರುಚಿ ನನಗೆ ಗೊತ್ತು. ವಿಭಾಗ ಮಟ್ಟದ ಕೂಟ, ಬಿದಿರಿನ ಗಳ, ಬೀಳೋಕೆ ಮರಳು. ಬುಬ್ಕಾ ಗಳವನ್ನು ಬೇರೆಯವರಿಗಿಂತ ಮೇಲೆ ಹಿಡಿಯುತ್ತಾನೆ ಅಂತ ಎಲ್ಲೋ ಓದಿ ನಾನೂ ಮೇಲೆ ಹಿಡಿದಿದ್ದೆ. ಅವನ ಓಟ ನನ್ನ ಕಾಲಲ್ಲಿ ಇರಲಿಲ್ಲ, ಅಷ್ಟೇ. ಜಂಬಕ್ಕೆ ಮೊದಲ ಎರಡು ಎತ್ತರ 'ಪಾಸ್', ಅಂದರೆ ಹಾರದೇ ಬಿಡ್ತೀನಿ, ಅಂದಿದ್ದೆ. ಆಮೇಲೆ ಓಡಿ ಬಂದು ಗಳ ಊರಿದರೆ ಅದು ಅರ್ಧಕ್ಕೆ ಎದ್ದು, ಸುಮ್ನೆ ನಿಂತು, ನನ್ನನ್ನು ಬಂದ ದಾರಿಗೇ ವಾಪಸ್ ಬಿಟ್ಟಿತು. ಮೂರೂ ಸಲ. ಹೆಸರಿನ ಮುಂದೆ ಪಾಸ್‌ಗೆ ಎರಡು ಗೆರೆ, ಆಮೇಲೆ ಮೂರು ಇಂಟು. ಗಳ ಹೊತ್ತು ಬಂದರೆ ಕಂಡಕ್ಟರ್ ಒಳಗೆ ಬಿಡಲಿಲ್ಲ, ಬಸ್ಸಿನ ಮೇಲೆ ಕಟ್ಟಿ ಊರಿಗೆ ಬಂದೆ. ಎರಡು ವರ್ಷ ಅದನ್ನು ಮುಟ್ಟಲಿಲ್ಲ, ಅವ್ವ ಅದರ ಮೇಲೆ ಬಟ್ಟೆ ಒಣಗಿಸಿದಳು.

ಬುಬ್ಕಾ ಏನು ಮಾಡಿದ? ಬಾರ್ಸಿಲೋನಾದಲ್ಲಿ ಸೋತ ತಿಂಗಳ ಕೊನೆಗೇ ಇಟಲಿಯ ಪಾಡುವಾದಲ್ಲಿ 6.12 ಹಾರಿ ಮತ್ತೆ ದಾಖಲೆ ಮುರಿದ.

ಇದನ್ನೂ ಕಾಕಾಗೆ ಹೇಳಿದೆ, ಎರಡನೇ ಹೋಳಿಗೆ ಮುಗಿಯುವಷ್ಟರಲ್ಲಿ. ಅವರು ತುಪ್ಪದ ಕೈಯಲ್ಲೇ ಬೆರಳು ಮಡಿಚಿ ಲೆಕ್ಕ ಹಾಕಿದರು.

"ಅಂದ್ರ ಆಗೂ ಒಂದೇ ಸೆಂಟಿಮೀಟರ್ ಏರಿಸ್ಯಾನ, ಹೌದಿಲ್ಲೋ?"